ಊರಲ್ಲಿ ಉಳಿದ ತಮ್ಮ: ‘ಅಗ್ನಿ ಮತ್ತು ಮಳೆ’ಯನ್ನು ಮನೆಯ ನಾಟಕವಾಗಿ ಓದಿದಾಗ

ಗಿರೀಶ ಕಾರ್ನಾಡರು ತೀರಿಕೊಂಡದ್ದು 2019ರ ಜೂನ್ 10ರಂದು. ಅದೇ ತಿಂಗಳು ಚೆನ್ನೈಗೆ ನೀರುಣಿಸುವ ಪುಳಲ್, ಚೆಂಬರಂಬಾಕ್ಕಂ ಕೆರೆಗಳ ತಳ ಕಾಣುತ್ತಿತ್ತು. ಓಣಿ ಓಣಿಗಳಲ್ಲಿ ಪ್ಲಾಸ್ಟಿಕ್ ಕೊಡಗಳ ಸಾಲು, ಟ್ಯಾಂಕರ್ ಲಾರಿಗೆ ಕಾಯುವ ಜನ. ತಮಿಳುನಾಡಿನ ದೇವಸ್ಥಾನಗಳಲ್ಲಿ ಮಳೆಗಾಗಿ ಜಪ, ಪೂಜೆ ನಡೆದ ವರ್ಷ ಅದು. ಆ ದಿನಗಳಲ್ಲಿ ಇಲ್ಲಿ ಕೂತು ‘ಅಗ್ನಿ ಮತ್ತು ಮಳೆ’ಯನ್ನು ಓದಿದವರಿಗೆ ಅದು ಬರಗಾಲದ ನಾಟಕವಾಗಿಯೇ ಕಂಡಿದ್ದರೆ ಆಶ್ಚರ್ಯವಿಲ್ಲ. ಹತ್ತು ವರ್ಷವಾದರೂ ಸರಿಯಾಗಿ ಮಳೆ ಬಂದಿಲ್ಲ, ಇಂದ್ರನನ್ನು ಒಲಿಸಿಕೊಳ್ಳಲು ರಾಜ ಏಳು ವರ್ಷದ ಯಜ್ಞ ಹೂಡಿದ್ದಾನೆ, ಯಜ್ಞ ಮುಗಿಯುವ ಹಂತಕ್ಕೆ ಬಂದಿದೆ. ನಾಟಕ ಶುರುವಾಗುವುದು ಅಲ್ಲಿಂದ.

ನಮ್ಮ ವಿಮರ್ಶೆಯೂ ಈ ನಾಟಕವನ್ನು ದೊಡ್ಡ ದೊಡ್ಡ ಬಾಗಿಲುಗಳಿಂದಲೇ ಹೊಕ್ಕಿದೆ. ಯಜ್ಞ ಮತ್ತು ರಂಗಭೂಮಿಯ ಸಂಬಂಧ, ಬ್ರಾಹ್ಮಣ ಮತ್ತು ಬೇಡರ ಲೋಕಗಳ ಮುಖಾಮುಖಿ, ಜ್ಞಾನದ ಅಹಂಕಾರ, ಪುರಾಣದ ಮರುಸೃಷ್ಟಿ. ಇವೆಲ್ಲ ಅದರಲ್ಲಿ ಇರುವುದು ನಿಜ. ನನಗೆ ಮಾತ್ರ ಅದು ಮೊದಲಿಗೆ ಒಂದು ಮನೆಯ ನಾಟಕ. ಒಬ್ಬ ಅಪ್ಪ, ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ, ದೊಡ್ಡಪ್ಪ-ಚಿಕ್ಕಪ್ಪನ ಸಂಬಂಧದ ಒಬ್ಬ ದಾಯಾದಿ. ದೊಡ್ಡ ಮಗ ದೊಡ್ಡ ಕೆಲಸ ಹಿಡಿದು ಊರು ಬಿಟ್ಟಿದ್ದಾನೆ. ಚಿಕ್ಕವನು ಮನೆಯಲ್ಲಿ ಉಳಿದಿದ್ದಾನೆ. ಯಾವ ಮಗ ಯಾರಿಗೆ ಎಷ್ಟು ಬೇಕು, ಯಾವ ಮಗನಿಂದ ಏನು ಕೆಲಸ ತೆಗೆಯಬಹುದು ಎಂಬ ಲೆಕ್ಕದಲ್ಲಿ ಆ ಮನೆ ಉರಿದುಹೋಗುತ್ತದೆ. ಯಜ್ಞಕುಂಡದ ಬೆಂಕಿಗಿಂತ ಮೊದಲು ಹೊತ್ತಿಕೊಂಡದ್ದು ಈ ಬೆಂಕಿ.

ಊರು ಬಿಟ್ಟು ಬಂದ ನಮ್ಮಂಥವರು ಈ ನಾಟಕವನ್ನು ಹೀಗೆ ಓದಬೇಕಾದ ಅಗತ್ಯ ಇದೆ ಎಂದು ನನಗನ್ನಿಸುತ್ತದೆ. ಅದು ಯಾಕೆ ಎಂದು ಹೇಳಲು ಕಥೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ.

ರೈಭ್ಯ ಮಹಾಪಂಡಿತ. ಯಜ್ಞಕ್ಕೆ ಮುಖ್ಯ ಋತ್ವಿಜನಾಗಿ ಅವನನ್ನೇ ಕರೆಯುತ್ತಾರೆಂಬ ನಿರೀಕ್ಷೆಯಿತ್ತು. ರಾಜ ಅವನನ್ನು ಬಿಟ್ಟು ದೊಡ್ಡ ಮಗ ಪರಾವಸುವನ್ನು ಕರೆದ. ಪರಾವಸು ಮನೆ ಬಿಟ್ಟು ಏಳು ವರ್ಷವಾಯಿತು, ಒಮ್ಮೆಯೂ ತಿರುಗಿ ಬಂದಿಲ್ಲ. ಅವನ ಹೆಂಡತಿ ವಿಶಾಖಾ ಒಬ್ಬ ಮಾತ್ಸರ್ಯದ ಮಾವನ ಜೊತೆ, ಬತ್ತಿದ ಊರಿನಲ್ಲಿ, ಒಂಟಿಯಾಗಿ ದಿನ ದೂಡುತ್ತಿದ್ದಾಳೆ. ಚಿಕ್ಕ ಮಗ ಅರವಸುವಿಗೆ ವೇದಕ್ಕಿಂತ ಕುಣಿತ, ಅಭಿನಯ ಇಷ್ಟ. ಬೇಡರ ಹುಡುಗಿ ನಿತ್ತಿಲೆಯನ್ನು ಮದುವೆಯಾಗಲು ಹೊರಟಿದ್ದಾನೆ. ಆಗ ದಾಯಾದಿ ಯವಕ್ರಿ ಕಾಡಿನಲ್ಲಿ ಹತ್ತು ವರ್ಷ ತಪಸ್ಸು ಮಾಡಿ, ಇಂದ್ರನಿಂದ ಜ್ಞಾನ ಪಡೆದು ಹಿಂದಿರುಗುತ್ತಾನೆ. ಬಂದವನೇ ತನ್ನ ಹಳೆಯ ಪ್ರೇಯಸಿಯಾದ ವಿಶಾಖಾಳನ್ನು ಕೂಡುತ್ತಾನೆ. ಅದು ಪ್ರೀತಿಯಷ್ಟೇ ಅಲ್ಲ, ರೈಭ್ಯನ ಮನೆಗೆ ಹೂಡಿದ ಬಲೆಯೂ ಹೌದು. ರೈಭ್ಯ ಒಬ್ಬ ಬ್ರಹ್ಮರಾಕ್ಷಸನನ್ನು ಕರೆದು ಯವಕ್ರಿಯನ್ನು ಕೊಲ್ಲಿಸುತ್ತಾನೆ. ಸುದ್ದಿ ತಿಳಿದು ರಾತ್ರೋರಾತ್ರಿ ಮನೆಗೆ ಬಂದ ಪರಾವಸು ಅಪ್ಪನನ್ನೇ ಬಾಣ ಬಿಟ್ಟು ಕೊಲ್ಲುತ್ತಾನೆ. ತಮ್ಮನಿಗೆ, ನೀನು ಅಪ್ಪನ ಅಪರಕರ್ಮ, ಪ್ರಾಯಶ್ಚಿತ್ತ ಎಲ್ಲ ಮುಗಿಸು, ನಾನು ಯಜ್ಞಕ್ಕೆ ಹೋಗಬೇಕು ಎಂದು ಹೇಳಿ ಹೊರಡುತ್ತಾನೆ. ತಮ್ಮ ಎಲ್ಲವನ್ನೂ ಮುಗಿಸಿ ಯಜ್ಞಶಾಲೆಗೆ ಬಂದರೆ, ಅಣ್ಣ ಅವನನ್ನೇ ಪಿತೃಹತ್ಯೆ ಮಾಡಿದವನೆಂದು ತೋರಿಸಿ ಹೊಡೆಸಿ ಹೊರಗೆ ಹಾಕಿಸುತ್ತಾನೆ.

ಈ ಕಥೆಗೂ ನಾವಿರುವ ಊರಿಗೂ ಒಂದು ನಂಟಿದೆ. ಇದು ಮಹಾಭಾರತದ ವನಪರ್ವದಲ್ಲಿ ಬರುವ ಉಪಕಥೆ. ಕಾಲೇಜು ದಿನಗಳಲ್ಲಿ ಕಾರ್ನಾಡರು ಅದನ್ನು ಓದಿದ್ದು ರಾಜಾಜಿಯವರ ಸಂಗ್ರಹ ಮಹಾಭಾರತದಲ್ಲಿ. ಮೊದಲು ತಮಿಳಿನಲ್ಲಿ ‘ವ್ಯಾಸರ್ ವಿರುಂದು’ ಎಂಬ ಹೆಸರಿನಲ್ಲಿ ‘ಕಲ್ಕಿ’ ಪತ್ರಿಕೆಯ ಓದುಗರಿಗಾಗಿ ಬರೆದ ಪುಸ್ತಕ ಅದು. ಇಡೀ ಭಾರತವನ್ನು ಒಂದೇ ಸಂಪುಟಕ್ಕೆ ಇಳಿಸುವಾಗ ಎಷ್ಟೋ ಉಪಕಥೆಗಳನ್ನು ಬಿಟ್ಟ ರಾಜಾಜಿ ಇದನ್ನು ಮಾತ್ರ ಬಿಡಲಿಲ್ಲ. ಮುಂದೆ ಕಾರ್ನಾಡರೂ 1963ರಿಂದ 1970ರವರೆಗೆ ಮದರಾಸಿನಲ್ಲೇ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಕೆಲಸ ಮಾಡಿದರು. ಧಾರವಾಡದ ಹುಡುಗ, ಆಕ್ಸ್‌ಫರ್ಡಿನ ಪದವಿ, ಮದರಾಸಿನ ಕಚೇರಿ, ಬರವಣಿಗೆ ಕನ್ನಡದಲ್ಲಿ. ನಮ್ಮಲ್ಲಿ ಅನೇಕರಿಗೆ ಈ ಜಾತಕದ ಒಂದೆರಡು ಮನೆಗಳಾದರೂ ಹೊಂದುತ್ತವೆ.

ರಾಜಾಜಿ ಈ ಕಥೆಯಿಂದ ತೆಗೆದ ನೀತಿ ಸ್ಪಷ್ಟ. ಅಣ್ಣತಮ್ಮಂದಿರ ಭಾಗಕ್ಕೆ ಅವರು ಕೊಟ್ಟ ತಲೆಬರಹದ ಅರ್ಥವೇ ಬರೀ ಓದು ಸಾಲದು ಎಂದು. ಇಬ್ಬರೂ ಓದಿದವರೇ, ಒಬ್ಬನಿಗೆ ಶೀಲ ಇತ್ತು, ಇನ್ನೊಬ್ಬನಿಗೆ ಇರಲಿಲ್ಲ. ಇದು ಮಕ್ಕಳಿಬ್ಬರನ್ನು ಎದುರುಬದುರು ನಿಲ್ಲಿಸಿ ತೂಗುವ ಓದು. ಕಾರ್ನಾಡರು ಮುಟ್ಟಿದ್ದು ಅದಕ್ಕಿಂತ ಹಿಂದಿನ ಪ್ರಶ್ನೆಯನ್ನು. ಇಬ್ಬರನ್ನು ತಕ್ಕಡಿಯಲ್ಲಿ ಕೂರಿಸಿದವರು ಯಾರು?

ಅದಕ್ಕಾಗಿ ಅವರು ಮೂಲಕಥೆಯಲ್ಲಿ ಮಾಡಿಕೊಂಡ ಮೂರು ಬದಲಾವಣೆಗಳನ್ನು ಗಮನಿಸಬೇಕು.

ಮೊದಲನೆಯದು: ಮಹಾಭಾರತದಲ್ಲಿ ರೈಭ್ಯ ಮತ್ತು ಯವಕ್ರಿಯ ತಂದೆ ಭರದ್ವಾಜ ಇಬ್ಬರೂ ಸ್ನೇಹಿತರು. ನಾಟಕದಲ್ಲಿ ಅಣ್ಣತಮ್ಮಂದಿರು. ಸಣ್ಣ ತಿದ್ದುಪಡಿ, ಆದರೆ ಕಥೆಯ ಬುಡವೇ ಬದಲಾಯಿತು. ಪರಾವಸು ಮತ್ತು ಅರವಸುವಿನ ನಡುವಿನ ಬಿರುಕಿಗೆ ಮೊದಲೇ ಅವರ ಹಿಂದಿನ ತಲೆಮಾರಿನಲ್ಲಿ ಅಂಥದೇ ಬಿರುಕು ಬಿಟ್ಟಿತ್ತು ಎಂದಾಯಿತು. ನಮ್ಮಪ್ಪನಿಗೆ ಸಲ್ಲಬೇಕಾದ ಮರ್ಯಾದೆಯೆಲ್ಲ ನಿಮ್ಮಪ್ಪನಿಗೆ ಸಂದಿತು ಎಂಬ ಯವಕ್ರಿಯ ಸಂಕಟ ಯಾವುದೇ ಕನ್ನಡ ಮನೆಯ ಜಗಲಿಯಲ್ಲಿ ಕೇಳಬಹುದಾದ ಮಾತು. ‘ದಾಯಾದಿ’ ಎಂಬ ಪದಕ್ಕೆ ನಮ್ಮಲ್ಲಿ ಆಸ್ತಿಯಲ್ಲಿ ಪಾಲುಳ್ಳವನು ಎಂಬ ಅರ್ಥವೂ ಇದೆ, ಹಗೆ ಎಂಬ ಧ್ವನಿಯೂ ಇದೆ. ಒಂದು ತಲೆಮಾರಿನ ಅಣ್ಣತಮ್ಮಂದಿರು ಮುಂದಿನ ತಲೆಮಾರಿನ ದಾಯಾದಿಗಳನ್ನು ಹೆರುತ್ತಾರೆ. ಪಾಲಿಗೆ ಬಿದ್ದದ್ದು ಗದ್ದೆಯಾದರೇನು, ಪಾಂಡಿತ್ಯದ ಕೀರ್ತಿಯಾದರೇನು.

ಎರಡನೆಯದು: ಮಹಾಭಾರತದ ಪರಾವಸು ಅಪ್ಪನನ್ನು ಕೊಲ್ಲುವುದು ಆಕಸ್ಮಿಕವಾಗಿ. ಕತ್ತಲಲ್ಲಿ ಜಿಂಕೆಯ ಚರ್ಮ ಹೊದ್ದ ತಂದೆಯನ್ನು ಮೃಗವೆಂದು ಭ್ರಮಿಸಿ ಹೊಡೆಯುತ್ತಾನೆ. ನಾಟಕದಲ್ಲಿ ಅದು ತಿಳಿದೂ ಮಾಡಿದ ಕೊಲೆ. ಹೆಂಡತಿಗಾದ ಅನ್ಯಾಯಕ್ಕೆ ಸಿಟ್ಟಿಗೆದ್ದು ಮಾಡಿದ್ದೂ ಅಲ್ಲ. ಯಜ್ಞ ಮುಗಿಯುವ ಹೊತ್ತಿಗೆ ತನ್ನ ಕೆಲಸ ಕೆಡಿಸಲು ಅಪ್ಪ ಹೊರಟಿದ್ದಾನೆ, ಇನ್ನೂ ಏನಾದರೂ ಮಾಡುವ ಮೊದಲು ತಡೆಯಬೇಕು ಎಂಬುದು ಅವನ ಲೆಕ್ಕ. ಆ ತಣ್ಣನೆಯ ಲೆಕ್ಕವೇ ಭಯ ಹುಟ್ಟಿಸುವುದು. ಮೂರನೆಯ ಬದಲಾವಣೆ ವರಕ್ಕೆ ಸಂಬಂಧಿಸಿದ್ದು. ಅದನ್ನು ಕೊನೆಗೆ ಹೇಳುತ್ತೇನೆ.

ಹಾಗಾದರೆ ರೈಭ್ಯನಿಗೆ ಯಾವ ಮಗನ ಮೇಲೆ ಪ್ರೀತಿ? ಹೆತ್ತವರ ಪಕ್ಷಪಾತದ ಬಗ್ಗೆ ನಾವು ಮಾತಾಡುವಾಗ ಅದು ಪ್ರೀತಿ ಹಂಚುವುದರಲ್ಲಿ ಆದ ಹೆಚ್ಚುಕಮ್ಮಿ ಎಂದುಕೊಳ್ಳುತ್ತೇವೆ. ಒಬ್ಬನಿಗೆ ಎರಡು ಚಮಚ ತುಪ್ಪ, ಇನ್ನೊಬ್ಬನಿಗೆ ಒಂದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯೂ ಆ ನಂಬಿಕೆಯದ್ದೇ. ಎಂಥ ಮಗುವಾದರೂ ಮುದ್ದು ಇದ್ದೇ ಇರುತ್ತದೆ, ಪ್ರಮಾಣ ಮಾತ್ರ ಬೇರೆ. ಕಾರ್ನಾಡರು ತೋರಿಸುವ ಮನೆಯಲ್ಲಿ ಗಾದೆ ನಡೆಯುವುದಿಲ್ಲ. ರೈಭ್ಯ ದೊಡ್ಡ ಮಗನನ್ನು ತನಗೆ ಸಮನಾಗಿ ಬೆಳೆಸಿದ. ಮಗ ತನ್ನನ್ನು ಮೀರಿದ ಕೂಡಲೇ ಅವನ ಮೇಲೆಯೇ ಹೊಟ್ಟೆಕಿಚ್ಚುಪಟ್ಟ. ಚಿಕ್ಕವನನ್ನು ಅವನು ಪೈಪೋಟಿಗೆ ಯೋಗ್ಯನೆಂದೇ ಎಣಿಸಲಿಲ್ಲ. ಅಲ್ಲಿ ಮೆಚ್ಚಿನ ಮಗನಾಗುವುದೆಂದರೆ ಅಪ್ಪನ ಎದುರಾಳಿಯಾಗುವುದು. ಮೆಚ್ಚದ ಮಗನಾಗುವುದೆಂದರೆ ಮನೆಯಾಳಾಗುವುದು. ಎರಡರಲ್ಲೂ ಮುದ್ದಿಲ್ಲ.

ಈ ಯೋಚನೆ ಕಾರ್ನಾಡರಲ್ಲಿ ಹಳೆಯದು. ಅವರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಪ್ರಕಟವಾಯಿತು. ಅಲ್ಲಿ ಅಪ್ಪನ ಮುಪ್ಪನ್ನು ಮಗ ಪೂರು ಹೊರುತ್ತಾನೆ. ಮೂಲದ ಯಯಾತಿ ಒಲ್ಲೆನೆಂದ ಹಿರಿಯ ಮಕ್ಕಳನ್ನು ಬಿಟ್ಟು, ಹೂಂ ಎಂದ ಕಿರಿಯನಿಗೆ ಪಟ್ಟ ಕಟ್ಟಿದ. ಪಟ್ಟ ಸಿಕ್ಕಿದ್ದು ಪ್ರೀತಿಗಲ್ಲ, ಕೊಟ್ಟ ಯೌವನಕ್ಕೆ ಸಂದ ಬೆಲೆ. ಮೂವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ‘ಅಗ್ನಿ ಮತ್ತು ಮಳೆ’ಯಲ್ಲಿ ಅದೇ ವ್ಯವಹಾರ ಇನ್ನಷ್ಟು ಬೆತ್ತಲಾಗಿ ಕಾಣುತ್ತದೆ. ಮಕ್ಕಳಿಂದ ಏನು ಸಿಗುತ್ತದೆ ಎಂಬುದರ ಮೇಲೆ ಅವರ ಸ್ಥಾನ ನಿಗದಿಯಾಗುವ ಮನೆ ಇದು.

ಇನ್ನು ಅರವಸುವಿನ ಪಾಲಿಗೆ ಬಂದ ಕೆಲಸಗಳ ಪಟ್ಟಿ ನೋಡಿ. ಯವಕ್ರಿ ಸತ್ತಾಗ ಹೆಣಕ್ಕೆ ಬೆಂಕಿಯಿಡುವವನು ಅವನು. ಅಂದು ಆಲದ ಮರದಡಿ ನಿತ್ತಿಲೆಯ ಕುಲದ ಹಿರಿಯರ ಮುಂದೆ ನಿಂತು ಅವಳನ್ನು ಮದುವೆಯಾಗುವೆನೆಂದು ಹೇಳಬೇಕಿತ್ತು. ದಹನ ಮುಗಿಸಿ ಓಡಿ ಬರುವಷ್ಟರಲ್ಲಿ ಹೊತ್ತು ಮೀರಿದೆ. ಅವಳನ್ನು ಬೇರೊಬ್ಬನಿಗೆ ಕೊಡುವ ಮಾತಾಗಿದೆ. ಆಮೇಲೆ ಅಪ್ಪನ ಹೆಣ, ಅದಾದ ಮೇಲೆ ಅಣ್ಣನ ಪಾಪದ ಪ್ರಾಯಶ್ಚಿತ್ತ. ಅವನ ಬದುಕು ಕೈತಪ್ಪಿ ಹೋದದ್ದು ಯಾವ ದೊಡ್ಡ ದ್ರೋಹದಿಂದಲೂ ಅಲ್ಲ, ಮನೆಯ ಕೆಲಸ ಮುಗಿಸಿ ಬರುವಷ್ಟರಲ್ಲಿ ತಡವಾದದ್ದರಿಂದ. ಇಡೀ ನಾಟಕದಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ತಡ. ಬ್ರಹ್ಮರಾಕ್ಷಸನೂ ಅಲ್ಲ, ಉರಿಯುವ ಯಜ್ಞಶಾಲೆಯೂ ಅಲ್ಲ.

ಯಾಕೆಂದರೆ ಈ ತಡ ನಮ್ಮೆಲ್ಲರ ಮನೆಗಳಲ್ಲೂ ಇದೆ. ನಾನು ಮನೆಗೆ ಹಿರಿಯ ಮಗ, ಚೆನ್ನೈಯಲ್ಲಿ ಕೆಲಸ. ತಮ್ಮ ಊರಲ್ಲಿ ತೋಟ, ಅಪ್ಪ ಅಮ್ಮನ ಔಷಧಿ, ಮದುವೆ ಮುಂಜಿ ತಿಥಿಗಳ ಓಡಾಟ ನೋಡಿಕೊಂಡಿದ್ದಾನೆ. ಹಬ್ಬಕ್ಕೆಂದು ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹಿಡಿದು ಊರು ತಲುಪಿದರೆ ನನಗೆ ಅತಿಥಿಯ ಉಪಚಾರ. ಬಿಸಿ ದೋಸೆ ಮೊದಲು ಬೀಳುವುದು ನನ್ನ ತಟ್ಟೆಗೆ, ಆ ದೋಸೆಗೆ ಬೇಕಾದ ಗ್ಯಾಸ್ ಸಿಲಿಂಡರ್ ಹೊತ್ತು ತಂದವನು ತಮ್ಮ. ನೆಂಟರ ಮುಂದೆ ಹೆಸರು ಹೇಳುವಾಗ ನನ್ನ ಹೆಸರಿನ ಜೊತೆ ಕಂಪನಿಯ ಹೆಸರೂ ಬರುತ್ತದೆ, ಅವನ ಬಗ್ಗೆ ‘ಇವನು ಇಲ್ಲೇ ಇದಾನೆ’ ಎಂದಷ್ಟೇ. ಆ ‘ಇಲ್ಲೇ’ ಎಂಬ ಪದದಲ್ಲಿ ಎಷ್ಟು ಕೆಲಸ ಅಡಗಿದೆ ಎಂದು ಯಾರೂ ಎಣಿಸುವುದಿಲ್ಲ. ಇದರಲ್ಲಿ ಯಾರ ಕೆಡುಕೂ ಇಲ್ಲ. ನಮ್ಮ ಮನೆಯಲ್ಲಿ ಯಾರೂ ರೈಭ್ಯರಲ್ಲ. ಆದರೂ ಪರಾವಸು ತಮ್ಮನಿಗೆ ನೀನು ಅಪರಕರ್ಮ ನೋಡಿಕೋ, ನನಗೆ ಕೆಲಸವಿದೆ ಎನ್ನುವಾಗ ಆ ಮಾತಿನ ಧಾಟಿ ನಮಗೆ ಹೊಸದಲ್ಲ. ರಜೆ ಸಿಗುವುದಿಲ್ಲ, ಪ್ರಾಜೆಕ್ಟ್ ಕೊನೆಯ ಹಂತದಲ್ಲಿದೆ, ನೀನು ಹೇಗೂ ಅಲ್ಲೇ ಇದ್ದೀಯಲ್ಲ.

ಕಾರ್ನಾಡರ ಪರಾವಸು ಖಳನಾಗಿ ಬರೆದ ಪಾತ್ರವಲ್ಲ. ಅವನ ಯಜ್ಞ ಊರಿಗೆ ಮಳೆ ತರಲೆಂದೇ ಹೂಡಿದ್ದು. ದೊಡ್ಡ ಕೆಲಸದ ಹೆಸರಿನಲ್ಲಿ ಮನೆಯ ಸಣ್ಣ ಕೆಲಸಗಳನ್ನೆಲ್ಲ ಇನ್ನೊಬ್ಬನ ಹೆಗಲಿಗೆ ದಾಟಿಸುವುದು, ಆಮೇಲೆ ಹೊತ್ತವನ ಕೈಯಲ್ಲೇ ಮಸಿ ಕಾಣುವುದು, ಇದು ಅವನ ಅಪರಾಧದ ಸ್ವರೂಪ. ಹೆಣ ಮುಟ್ಟಿದವನು ಮೈಲಿಗೆಯಾದ. ಕೊಂದವನು ಮಡಿಯಲ್ಲಿ ಕೂತು ಮಂತ್ರ ಹೇಳಿದ. ಮನೆಯಲ್ಲಿ ಉಳಿದ ಮಗನ ಮೇಲೆ ಗೊಣಗಾಟ, ದೂರದ ಮಗನ ಫೋನಿಗೆ ಸಕ್ಕರೆಯಂಥ ದನಿ: ಈ ನಿತ್ಯದ ಅನ್ಯಾಯವನ್ನೇ ನಾಟಕ ಪುರಾಣದ ಅಳತೆಗೆ ಹಿಗ್ಗಿಸಿದೆ.

ಇಲ್ಲಿ ಕೈಲಾಸಂ ನೆನಪಾಗುತ್ತಾರೆ. ಮನೆಮಾತು ತಮಿಳಾಗಿದ್ದ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ್ದ, 1945ರಲ್ಲಿ ಇದೇ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಟಿ.ಪಿ. ಕೈಲಾಸಂ. ಅವರ ‘ಟೊಳ್ಳುಗಟ್ಟಿ’ ನಾಟಕದ ಹುಡುಗರು ಪುಟ್ಟು ಮತ್ತು ಮಾಧು. ಒಬ್ಬ ಪುಸ್ತಕದ ಹುಳು, ಪರೀಕ್ಷೆ ಗೆಲ್ಲುವವನು. ಇನ್ನೊಬ್ಬ ಓದಿನಲ್ಲಿ ಹಿಂದೆ, ಮನುಷ್ಯತ್ವದಲ್ಲಿ ಮುಂದೆ. ಮೊದಲನೆಯವನ ಬಗ್ಗೆ ಅಪ್ಪನಿಗೆ ಹೆಮ್ಮೆ, ಎರಡನೆಯವನ ಬಗ್ಗೆ ತಾತ್ಸಾರ. ಮನೆಗೆ ಆಪತ್ತು ಬಂದಾಗ ಕೆಲಸಕ್ಕೆ ಬರುವವನು ಮಾಧು. ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಆಗ ಗೊತ್ತಾಗುತ್ತದೆ. ನೂರು ವರ್ಷದ ಹಿಂದಿನ ಬೆಂಗಳೂರಿನ ಮಧ್ಯಮವರ್ಗದ ಮನೆಯಲ್ಲಿ, ಅವರದೇ ಆ ಇಂಗ್ಲಿಷ್ ಬೆರೆತ ಕನ್ನಡದಲ್ಲಿ, ಅಂಕಪಟ್ಟಿಯ ಹುಚ್ಚನ್ನು ಹಾಗೆ ನೆಲಕ್ಕೆ ಕೆಡವಿದ್ದು ಸಾಮಾನ್ಯ ಸಾಧನೆಯಲ್ಲ. ಇವತ್ತಿಗೂ ಆ ನಾಟಕ ನಮ್ಮನ್ನು ಚುಚ್ಚುತ್ತದೆ, ಯಾಕೆಂದರೆ ಈ ಪತ್ರಿಕೆ ಓದುವವರಲ್ಲಿ ಬಹುಪಾಲು ಜನ ಪರೀಕ್ಷೆ ಗೆದ್ದೇ ಊರು ಬಿಟ್ಟವರು.

ಆದರೂ ‘ಟೊಳ್ಳುಗಟ್ಟಿ’ ಮುಗಿದಾಗ ತಕ್ಕಡಿ ತನ್ನ ಜಾಗದಲ್ಲೇ ಇರುತ್ತದೆ. ತಟ್ಟೆಗಳು ಮೇಲೆ ಕೆಳಗಾಗಿವೆ, ಅಷ್ಟೆ. ನಿನ್ನೆ ಪುಟ್ಟು ಗಟ್ಟಿ, ಇಂದು ಮಾಧು ಗಟ್ಟಿ. ಮಾಧುವಿಗೆ ಅಪ್ಪನ ಮೆಚ್ಚುಗೆ ಸಿಗಬೇಕಾದರೆ ಒಂದು ಆಪತ್ತು ಬರಬೇಕಾಯಿತು, ಅದರಲ್ಲಿ ಅವನು ಉಪಯೋಗಕ್ಕೆ ಬರಬೇಕಾಯಿತು. ಏನೂ ಆಪತ್ತು ಬಾರದೆ ಇದ್ದಿದ್ದರೆ ಆ ಹುಡುಗನ ಗತಿ ಏನು? ಯಾರನ್ನೂ ಉಳಿಸದ, ಬರೀ ಕುಣಿಯಲು ಇಷ್ಟಪಡುವ ಮಗನಿಗೆ ಮನೆಯಲ್ಲಿ ಜಾಗವಿದೆಯೇ? ಕೈಲಾಸಂ ಕೇಳದೆ ಬಿಟ್ಟ ಈ ಪ್ರಶ್ನೆಯನ್ನು ಕಾರ್ನಾಡರು ಅರವಸುವಿನ ಮೂಲಕ ಕೇಳಿದರು. ಅರವಸು ಮನೆಗಾಗಿ ಎಲ್ಲವನ್ನೂ ಮಾಡುತ್ತಾನೆ, ಆದರೂ ಅವನು ‘ಗಟ್ಟಿ’ ಎಂದು ಹೇಳಲು ಅಲ್ಲಿ ಯಾರೂ ಉಳಿದಿರುವುದಿಲ್ಲ.

ಹಾಗೆಂದು ನಾಟಕದಲ್ಲಿ ಕೊರತೆಗಳಿಲ್ಲವೆಂದಲ್ಲ. ಇದು ತಾಯಿಯಿಲ್ಲದ ಮನೆ. ಅವಳ ಸುದ್ದಿ ಮೂಲಕಥೆಯಲ್ಲೂ ಇಲ್ಲ. ಅಪ್ಪನ ತಕ್ಕಡಿ ಒಂದು ಕಡೆ ವಾಲಿದಾಗ ಇನ್ನೊಂದು ತಟ್ಟೆಗೆ ಗುಟ್ಟಾಗಿ ಒಂದು ಹಿಡಿ ಹಾಕುವವಳು ನಮ್ಮ ಮನೆಗಳಲ್ಲಿ ಅಮ್ಮ. ಅವಳದೂ ಪಕ್ಷಪಾತವೇ, ಆದರೆ ಎರಡು ಪಕ್ಷಪಾತಗಳು ಸೇರಿ ಎಷ್ಟೋ ಮನೆಗಳು ಒಂದು ಸಮಕ್ಕೆ ಬರುತ್ತವೆ. ಅವಳನ್ನು ತರದೆ ಇದ್ದುದರಿಂದ ದುರಂತಕ್ಕೆ ದಾರಿ ಸಲೀಸಾಯಿತು. ವಿಶಾಖಾಳಿಗಂತೂ ನಾಟಕ ನ್ಯಾಯ ಸಲ್ಲಿಸಿಲ್ಲ. ಗಂಡ, ಮಾವ, ಹಳೆಯ ಪ್ರಿಯಕರ ಮೂವರೂ ಬಳಸಿಕೊಂಡ ಈ ಹೆಣ್ಣಿನ ಮಾತುಗಳು ನಾಟಕದ ಅತ್ಯಂತ ತೀಕ್ಷ್ಣವಾದ ಮಾತುಗಳು. ಗಂಡಸರ ಲೆಕ್ಕಾಚಾರ ಅವಳಿಗೆ ಅರ್ಥವಾದಷ್ಟು ಬೇರೆ ಯಾರಿಗೂ ಆಗಿಲ್ಲ. ಆದರೆ ಕೊಲೆಯಾದ ಮೇಲೆ ಅವಳು ಖಾಲಿ ಮನೆಯಲ್ಲಿ ಉಳಿದುಬಿಡುತ್ತಾಳೆ, ನಾಟಕ ಯಜ್ಞಶಾಲೆಯ ಕಡೆಗೆ ಹೊರಟುಹೋಗುತ್ತದೆ. ಹಾಗೆಯೇ ನಿತ್ತಿಲೆ. ಗಂಡನ ಮನೆ ಬಿಟ್ಟು ಬಂದು, ಏಟು ತಿಂದು ಬಿದ್ದ ಅರವಸುವನ್ನು ಉಪಚರಿಸಿ ಬದುಕಿಸುವ ಅವಳನ್ನು ಕಾರ್ನಾಡರು ಒಳ್ಳೆಯತನದ ಪ್ರತಿಮೆಯನ್ನಾಗಿ ಮಾಡಿದ ಕಾರಣ, ಅವಳ ಸಾವು ಇನ್ನೊಬ್ಬರ ಕಥೆ ಮುಗಿಸಲು ತೆತ್ತ ಬೆಲೆಯಂತೆ ಕಾಣುತ್ತದೆ. ಅಣ್ಣತಮ್ಮಂದಿರ ಜಗಳದ ಕಥೆಗಳಲ್ಲಿ ಹೆಂಗಸರ ಪಾಲಿಗೆ ಬರುವುದು ಬಹಳ ಸಲ ಇಷ್ಟೇ. ಇದನ್ನು ಬಲ್ಲ ನಾಟಕಕಾರರೂ ಅದರಿಂದ ಪೂರ್ತಿ ಹೊರಬರಲಿಲ್ಲ.

2002ರಲ್ಲಿ ಅರ್ಜುನ್ ಸಜನಾನಿ ಈ ನಾಟಕವನ್ನು ‘ಅಗ್ನಿವರ್ಷ’ ಎಂಬ ಹಿಂದಿ ಸಿನಿಮಾ ಮಾಡಿದರು. ಹಂಪಿಯ ಕಲ್ಲುಬಂಡೆಗಳು, ಜಾಕಿ ಶ್ರಾಫ್ ಪರಾವಸು, ಮಿಲಿಂದ್ ಸೋಮನ್ ಅರವಸು, ನಮ್ಮ ಚೆನ್ನೈಯ ಪ್ರಭುದೇವ ಬ್ರಹ್ಮರಾಕ್ಷಸ. ನೋಡಲು ಚೆಂದ. ಆದರೆ ಬಯಲಿನ ವೈಭವದಲ್ಲಿ ಮನೆ ಮಾಯವಾಯಿತು. ಇಕ್ಕಟ್ಟಾದ ಅಂಗಳದಲ್ಲಿ ಅಪ್ಪ, ಮಗ, ಸೊಸೆ ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಂತೆ ನಿಲ್ಲದಿದ್ದರೆ ಈ ಕಥೆಯ ಕಾವು ಏರುವುದಿಲ್ಲ.

ಕಾವು ಏರುವುದು ಕೊನೆಯ ಅಂಕದ ಆಟದೊಳಗಿನ ಆಟದಲ್ಲಿ. ನಟರ ತಂಡವೊಂದು ಯಜ್ಞಶಾಲೆಯ ಮುಂದೆ ಇಂದ್ರ, ವಿಶ್ವರೂಪ, ವೃತ್ರರ ಕಥೆ ಆಡುತ್ತದೆ. ಒಬ್ಬನೇ ತಂದೆ, ಮೂವರು ಮಕ್ಕಳು. ಅಣ್ಣ ಇಂದ್ರನಿಗೆ ವಿಶ್ವರೂಪನ ಕೀರ್ತಿ ಸಹಿಸದು. ಅವನನ್ನು ಯಜ್ಞಕ್ಕೆ ಕರೆದು ಮೋಸದಿಂದ ಕೊಲ್ಲುತ್ತಾನೆ. ರಾಕ್ಷಸನೆಂದು ಹೊರಗೆ ನಿಲ್ಲಿಸಿದ ವೃತ್ರ ರೊಚ್ಚಿಗೇಳುತ್ತಾನೆ. ವೃತ್ರನ ಮುಖವಾಡ ತೊಟ್ಟವನು ಅರವಸು. ಅಣ್ಣನ ಎದುರಿಗೆ, ಅಣ್ಣನ ಮೋಸದ ಕಥೆಯಲ್ಲಿ, ತಾನು ಹೇಳಲಾರದೆ ಉಳಿದ ಮಾತನ್ನು ಮುಖವಾಡದ ಹಿಂದಿನಿಂದ ಕೂಗುತ್ತಾನೆ. ಮುಖವಾಡ ಅವನನ್ನೇ ಆವರಿಸುತ್ತದೆ, ಯಜ್ಞಶಾಲೆಗೆ ಬೆಂಕಿ ಬೀಳುತ್ತದೆ. ಆ ಬೆಂಕಿಯೊಳಕ್ಕೆ ಪರಾವಸು ತಾನಾಗಿಯೇ ನಡೆದುಹೋಗುತ್ತಾನೆ. ಕಥೆ ಮತ್ತು ಬದುಕು ಇಲ್ಲಿ ತೀರ ಅಚ್ಚುಕಟ್ಟಾಗಿ ಹೊಂದಿಕೊಂಡವು ಎಂಬ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಆದರೂ ಒಂದು ಸತ್ಯ ಈ ದೃಶ್ಯದಲ್ಲಿದೆ. ಒಳ್ಳೆಯವನೆಂದು ಹೆಸರಾದ, ಹೇಳಿದ್ದಕ್ಕೆಲ್ಲ ತಲೆಯಾಡಿಸಿದ ತಮ್ಮನೊಳಗೂ ಒಬ್ಬ ವೃತ್ರ ಇರುತ್ತಾನೆ. ಅವನಿಗೆ ಬಾಯಿ ಬರುವುದಕ್ಕೆ ಒಂದು ಮುಖವಾಡ ಬೇಕು. ನಮ್ಮ ಕಡೆ ಅದು ಆಸ್ತಿ ಪಾಲಿನ ದಿನ ಬರುತ್ತದೆ. ಎಂದೂ ದನಿಯೆತ್ತದವನು ಅಂದು ಒಂದಡಿ ಜಾಗಕ್ಕೆ ಕೂಗಾಡಿದರೆ ನಾವು ಬೆರಗಾಗುತ್ತೇವೆ. ಅವನು ಕೇಳುತ್ತಿರುವುದು ಆ ಒಂದಡಿಯನ್ನಲ್ಲ.

ಈಗ ವರದ ಮಾತು. ಮಹಾಭಾರತದಲ್ಲಿ ದೇವತೆಗಳು ಒಲಿದಾಗ ತಮ್ಮ ಅರ್ವಾವಸು ಕೇಳುವುದು ಇಷ್ಟು: ಅಪ್ಪ ಬದುಕಿ ಬರಲಿ, ಕೊಂದದ್ದು ಅವನ ನೆನಪಿನಲ್ಲಿ ಉಳಿಯದಿರಲಿ, ಅಣ್ಣನಿಗೆ ಪಾಪ ಅಂಟದಿರಲಿ, ಭರದ್ವಾಜ, ಯವಕ್ರಿ ಎಲ್ಲರೂ ಏಳಲಿ. ಎಂಥ ಒಳ್ಳೆಯ ಮಗ! ತನಗೆಂದು ಏನನ್ನೂ ಕೇಳದೆ, ಒಡೆದ ಮನೆಯನ್ನು ಏನೂ ಆಗಲಿಲ್ಲವೆಂಬಂತೆ ಜೋಡಿಸಿಬಿಡುತ್ತಾನೆ. ಈ ಕಥೆಯನ್ನು ಲೋಮಶ ಋಷಿ ಹೇಳುತ್ತಿರುವುದು ಯಾರಿಗೆ ಎಂಬುದನ್ನೂ ನೆನೆಯಬೇಕು. ಮಗನ ಮೇಲಿನ ಮೋಹದಲ್ಲಿ ನ್ಯಾಯ ಮರೆತ ಒಬ್ಬ ಕುರುಡು ದೊಡ್ಡಪ್ಪನಿಂದಾಗಿ ಕಾಡು ಸೇರಿದ ಧರ್ಮರಾಯನಿಗೆ. ಮರೆತುಬಿಡು, ಕ್ಷಮಿಸು, ಮನೆ ಉಳಿಸು ಎಂಬ ಸಂದೇಶ ಅವನಿಗೆ ಹಿತವಾಗಿದ್ದೀತು. ಮುಂದೆ ಹದಿನೆಂಟು ದಿನ ಏನಾಯಿತೆಂಬುದು ನಮಗೆ ಗೊತ್ತೇ ಇದೆ.

ಕಾರ್ನಾಡರ ಅರವಸುವಿನ ಮುಂದೆ ಇಂದ್ರ ನಿಂತಾಗ ಅವನ ಬಾಯಿಂದ ಬರುವುದು ನಿತ್ತಿಲೆಯ ಹೆಸರು. ಅವಳೊಬ್ಬಳೇ ಬರುವಂತಿಲ್ಲ. ಕಾಲಚಕ್ರ ಹಿಂದಕ್ಕೆ ತಿರುಗಿದರೆ ಎಲ್ಲರೂ ಎದ್ದು ಬರುತ್ತಾರೆ, ಆಗಿದ್ದೆಲ್ಲ ಮತ್ತೆ ಆದೀತು. ಆ ಹೊತ್ತಿಗೆ ಬ್ರಹ್ಮರಾಕ್ಷಸ ಬಂದು ಅಂಗಲಾಚುತ್ತಾನೆ. ಕಾಲ ಮುಂದಕ್ಕೆ ಉರುಳಿದರೆ ಮಾತ್ರ ಅವನಿಗೆ ಬಿಡುಗಡೆ. ರೈಭ್ಯ ಅವನನ್ನು ಕರೆದದ್ದು ಒಂದು ಕೊಲೆಗಾಗಿ. ಕೆಲಸ ಮುಗಿದ ಮೇಲೆ ಬಿಡಿಸುವವರಿಲ್ಲದೆ ಅಲೆಯುತ್ತಿದ್ದಾನೆ. ಒಂದು ಲೆಕ್ಕದಲ್ಲಿ ಅವನೂ ಆ ಮನೆಯ ಮೂರನೆಯ ಮಗ: ಪೂರ್ತಿಯಾಗಿ ಉಪಯೋಗಕ್ಕೆಂದೇ ಹುಟ್ಟಿಸಿದ ಮಗ. ಅರವಸುವಿಗೆ ತನ್ನ ಪಾಡು ಅವನಲ್ಲಿ ಕಂಡಿರಬೇಕು. ಎದೆ ಕಲ್ಲು ಮಾಡಿಕೊಂಡು ಅವನ ಬಿಡುಗಡೆಯನ್ನೇ ಕೇಳುತ್ತಾನೆ. ಮಳೆ ಬರುತ್ತದೆ.

ಮೂಲಕಥೆಯ ತಮ್ಮ ಮನೆಯನ್ನು ಉಳಿಸಿದ. ನಾಟಕದ ತಮ್ಮ ಆ ಮನೆ ಬಳಸಿ ಬಿಸಾಡಿದವನನ್ನು ಉಳಿಸಿದ. ಈ ವ್ಯತ್ಯಾಸದಲ್ಲೇ ಕಾರ್ನಾಡರ ಉತ್ತರವಿದೆ ಎಂದು ನಾನು ತಿಳಿಯುತ್ತೇನೆ. ಯಾವ ಮಗ ಹೆಚ್ಚು, 누ಯಾವ ಮಗ ಕಡಿಮೆ ಎಂದು ತೂಗುವ ಮನೆಯನ್ನು ಇದ್ದಂತೆಯೇ ಮರಳಿ ಕಟ್ಟಿದರೆ ತಕ್ಕಡಿಯೂ ಅದರ ಜೊತೆಗೇ ಮರಳಿ ಬರುತ್ತದೆ. ಉಪಯೋಗದ ಲೆಕ್ಕದಿಂದ ಒಬ್ಬನನ್ನಾದರೂ ಬಿಡಿಸುವವನು ಅದನ್ನು ಮುರಿಯುತ್ತಾನೆ. ಊರಿನಲ್ಲಿ ಒಬ್ಬ ಅರವಸುವನ್ನು ಬಿಟ್ಟು ಬಂದ ನಮಗೆ ನಾಟಕ ಕೊಡುವ ಕೆಲಸ ಇಷ್ಟು ಸರಳ, ಇಷ್ಟು ಕಷ್ಟ: ಅವನು ‘ಇಲ್ಲೇ ಇದ್ದಾನೆ’ ಎಂಬುದನ್ನು ಒಂದು ಅನುಕೂಲವೆಂದು ಎಣಿಸದೆ, ಅವನಿಗೂ ಹೊತ್ತು ಮೀರುವ ಮೊದಲು ತಲುಪಬೇಕಾದ ಒಂದು ಆಲದ ಮರ ಇದೆಯೇ ಎಂದು ಕೇಳುವುದು.